ಬ್ಯಾರನ್ ಹಿಂದಿನ ಬಿಯರು

ಹುಣಸೂರಿನಿಂದ ರತ್ನಪುರಿ ಕಡೆಗೆ ಹೋಗುವ ದಾರಿಯ ಊರುಗಳಲ್ಲಿ ಹೊಗೆಸೊಪ್ಪು ಬೆಳೆಯುವವರು ಬೇಕಾದಷ್ಟು ಜನ ಇದ್ದಾರೆ. ಬಿಯರಿನ ಬಗ್ಗೆ ಮಾತಾಡುವವರಿಗೂ ಬರವಿಲ್ಲ. ಆದರೆ ಹಣೆತುಂಬ ವಿಭೂತಿ ಧರಿಸಿ, ಮಠದ ಮದ್ಯವರ್ಜನ ಸಮಿತಿಗೆ ಅಧ್ಯಕ್ಷರೂ ಆಗಿದ್ದುಕೊಂಡು, ಅಮೆರಿಕದ ಬಿಯರನ್ನು ಬಾಯಿತುಂಬ ಹೊಗಳಬಲ್ಲವರು ನೀಲಕಂಠಸ್ವಾಮಿಯವರೊಬ್ಬರೇ.

ಇದರಲ್ಲಿ ತಪ್ಪೇನಿದೆ ಎಂದು ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ. ಅವರ ಲೆಕ್ಕದಲ್ಲಿ ಅದು ಮದ್ಯವೇ ಅಲ್ಲ.

"ನಮ್ ಕಡೆ ಸ್ಟ್ರಾಂಗು ಬಿಯರು ಅದೇನ್ ಬಿಯರ್ಲಾ? ಕುಡುದವ್ನೂ ಬೀಳ್ತಾನೆ, ಪಕ್ದಲ್ಲಿ ಕೂತಿರೋನೂ ಬೀಳ್ತಾನೆ," ಎಂದು ಅವರು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಪಾಠ ಹೇಳುತ್ತಿದ್ದರು. "ಅಮೆರಿಕದ್ದು ಅಂಗಲ್ಲ ಕಣ್ಲಾ. ಗಂಟ್ಲಲ್ಲಿ ಇಳ್ದಿದ್ದೂ ಗೊತ್ತಾಗಲ್ಲ, ತಲೆಗೆ ಏರಿದ್ದೂ ಗೊತ್ತಾಗಲ್ಲ. ಮರ್ಯಾದಸ್ಥರು ಕುಡಿಯೋ ಪಾನೀಯ ಅದು."

"ಏನೂ ಗೊತ್ತಾಗ್ದೇ ಇರೋದಾದ್ರೆ ಯಾಕ್ ಕುಡೀಬೇಕು ಸ್ವಾಮ್ಯೋರೆ?" ಎಂದು ಯಾವನಾದರೂ ಕೇಳಿದರೆ, ಅಂಥವನನ್ನು ಕನಿಕರದಿಂದ ನೋಡುತ್ತಿದ್ದರು. ಅಮೆರಿಕದ ಕ್ಯಾರೊಲಿನಾ ಕಂಡಿಲ್ಲದವನ ಹತ್ತಿರ ಎಂಥ ವಾದ!

ಅವರು ಕಂಡಿದ್ದರು. ಹದಿನಾರು ವರ್ಷದ ಹಿಂದೆ ಹೊಗೆಸೊಪ್ಪು ಕೊಳ್ಳುವ ಒಂದು ಕಂಪನಿ ಒಳ್ಳೆಯ ಬೆಳೆಗಾರರನ್ನು ಆರಿಸಿ ಅಮೆರಿಕ ತೋರಿಸಲು ಕರೆದುಕೊಂಡು ಹೋಗಿತ್ತು. ಅಲ್ಲಿಯವರು ಪ್ರೀತಿಯಿಂದ ಬಡಿಸಿದ್ದರಲ್ಲಿ ಮುಕ್ಕಾಲು ಭಾಗ ಮಾಂಸ. ನೀಲಕಂಠಸ್ವಾಮಿಯವರು ಬ್ರೆಡ್ಡು, ಆಲೂಗೆಡ್ಡೆ ತಿಂದುಕೊಂಡು ಶಿವನೇ ಎಂದು ದಿನ ದೂಡಿದರು. ಒಂದು ಸಂಜೆ ಡೇಲ್ ಎಂಬ ರೈತನ ತೋಟಕ್ಕೆ ಹೋದಾಗ, ಆತ ಇವರೊಬ್ಬರ ಭುಜದ ಮೇಲೆ ಕೈಯಿಟ್ಟು ಬ್ಯಾರನ್ ಹಿಂದಕ್ಕೆ ಕರೆದ. ಬ್ಯಾರನ್ ಎಂದರೆ ಹೊಗೆಸೊಪ್ಪನ್ನು ಉರಿಯ ಶಾಖದಲ್ಲಿ ಬೇಯಿಸಿ ಒಣಗಿಸುವ ಮನೆ. ಅಲ್ಲೂ ಅದೇ ಹೆಸರು, ಅದೇ ವಾಸನೆ. ಆತ ಇವರನ್ನು ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂರಿಸಿ, ಐಸು ತುಂಬಿದ ಬಕೆಟ್ಟಿನಿಂದ ಒಂದು ಟಿನ್ನು ತೆಗೆದುಕೊಟ್ಟ. ಇವರಿಗೆ ಇಂಗ್ಲಿಷ್ ಬಾರದು, ಅವನಿಗೆ ಕನ್ನಡ ಬಾರದು. ಬೆಂದ ಸೊಪ್ಪನ್ನು ಒಬ್ಬರ ಕೈಯಿಂದ ಒಬ್ಬರು ಇಸಕೊಂಡು, ಹಿಸುಕಿ ಮೂಸಿ ತಲೆಯಾಡಿಸುತ್ತ ಕತ್ತಲಾಗುವವರೆಗೂ ಕೂತಿದ್ದರು.

ಸೋಡಾ ಎಂದುಕೊಂಡು ಕುಡಿದೆ, ಅರ್ಧ ಆದಮೇಲೆ ಗೊತ್ತಾಯಿತು, ಬಿಟ್ಟರೆ ಆತ ನೊಂದುಕೊಳ್ಳುತ್ತಾನಲ್ಲ ಎಂದು ಮುಗಿಸಿದೆ ಎಂಬುದು ನೀಲಕಂಠಸ್ವಾಮಿಯವರ ಅಧಿಕೃತ ಹೇಳಿಕೆ. ಎರಡನೆಯ ಟಿನ್ನಿನ ಬಗ್ಗೆ ಹೇಳಿಕೆ ಇಲ್ಲ.

ಊರಿಗೆ ಬಂದವರೇ ಹೊಸ ಜ್ಞಾನವನ್ನು ಹಂಚಿದರು. ಅಮೆರಿಕದಲ್ಲಿ ಸಾಮಾನ್ಯ ನೆಂಟರನ್ನು ಮನೆಯ ಹಾಲ್‌ನಲ್ಲಿ ಕೂರಿಸುತ್ತಾರೆ, ಬಹಳ ಬೇಕಾದವರನ್ನು ಬ್ಯಾರನ್ ಹಿಂದೆ ಕೂರಿಸುತ್ತಾರೆ. ಅಲ್ಲಿಯ ಪದ್ಧತಿಯೇ ಹಾಗೆ. ಆ ಬಿಯರು ಕೂಡ ಎಲ್ಲರಿಗೂ ಕೊಡುವಂಥದಲ್ಲ. ಮುಂದೆ ಅದೇ ಹೆಸರಿನ ಟಿನ್ನು ಮೈಸೂರಿನ ಏಸಿ ಬಾರುಗಳಲ್ಲಿ ದೊಡ್ಡವರ ಮೇಜಿನ ಮೇಲೆ ಕಾಣಿಸಿಕೊಂಡಾಗಲಂತೂ ಅವರ ಮಾತಿಗೆ ಎದುರೇ ಇಲ್ಲದಾಯಿತು.

ಇಡೀ ತಾಲ್ಲೂಕಿಗೆ ಗೊತ್ತಿದ್ದ ಈ ಸಂಗತಿ ಹೆಂಡತಿ ನೀಲಾಂಬಿಕೆಗೆ ಮಾತ್ರ ಗೊತ್ತಿರಲಿಲ್ಲ. ಲಿಂಗಪೂಜೆ ಆಗದೆ ತೊಟ್ಟು ನೀರು ಮುಟ್ಟದ ಹೆಂಗಸು. ಅಮೆರಿಕದಲ್ಲಿ ಏನು ಕೊಟ್ಟರು ಎಂದು ಆಕೆ ಕೇಳಿದಾಗ ಇವರ ಬಾಯಿಂದ "ಬಾರ್ಲಿ ನೀರು" ಎಂದು ಬಂದುಬಿಟ್ಟಿತು. ಪಾಪ, ಗಂಡನಿಗೆ ಇಷ್ಟವೆಂದು ಆಕೆ ಅಂದಿನಿಂದ ಪ್ರತಿ ಬೇಸಿಗೆಯಲ್ಲೂ ಬಾರ್ಲಿ ಬೇಯಿಸಿ, ಸೋಸಿ, ದೊಡ್ಡ ಲೋಟದಲ್ಲಿ ತಂದಿಡುತ್ತಿದ್ದಳು. ಅವರು ಕಣ್ಣುಮುಚ್ಚಿ ಕುಡಿಯುತ್ತಿದ್ದರು. ಸುಳ್ಳಿಗೆ ಇಷ್ಟಾದರೂ ದಂಡ ಕಟ್ಟಬೇಡವೇ?

ಹೀಗಿರುವಾಗ ಹೋದ ವರ್ಷ, ಬ್ಯಾರನ್ನುಗಳಿಗೆ ಉರಿ ಹಾಕುವ ಕಾಲದಲ್ಲಿ, ಕಂಪನಿಯ ಫೀಲ್ಡ್ ಆಫೀಸರ್ ಸುಕನ್ಯ ಸ್ಕೂಟರಿನಲ್ಲಿ ಬಂದು ಸುದ್ದಿ ಹೇಳಿದಳು. "ಸಾರ್, ನಿಮ್ ಡೇಲ್ ಬರ್ತಿದಾರೆ. ಬೆಳೆ ನೋಡೋಕೆ ಬರೋರ ಜೊತೆ. ನಿಮ್ಮನ್ನ ನೋಡ್ಲೇಬೇಕಂತೆ."

ನೀಲಕಂಠಸ್ವಾಮಿಯವರಿಗೆ ಕಣ್ಣಲ್ಲಿ ನೀರು ಬಂತು. ಮರುಕ್ಷಣವೇ ಚಿಂತೆ ಹತ್ತಿಕೊಂಡಿತು. ಬ್ಯಾರನ್ ಹಿಂದೆ ಕೂರಿಸಿ ಅದೇ ಬಿಯರು ಕೊಡದಿದ್ದರೆ ಆ ಮನುಷ್ಯನ ಮುಂದೆ ಮುಖ ಎತ್ತುವುದು ಹೇಗೆ? ಕೊಟ್ಟರೆ ನೀಲಾಂಬಿಕೆಯ ಮುಂದೆ ಮುಖ ಎತ್ತುವುದು ಹೇಗೆ? ಎರಡರಲ್ಲಿ ಒಂದು ಮಾನ ಹೋಗುವುದು ಖಂಡಿತ ಎನಿಸಿತು.

ಹುಣಸೂರಿನ ಬಾರಿಗೆ ಕಾಲಿಡುವ ಮಾತೇ ಇಲ್ಲ. ಅದರ ಎದುರಿಗೇ ಸಮಿತಿಯ ಬ್ಯಾನರಿನಲ್ಲಿ ಅವರ ಫೋಟೋ ಇನ್ನೂ ನೇತಾಡುತ್ತಿತ್ತು. ಮೈಸೂರಿನ ಏಸಿ ಬಾರುಗಳಲ್ಲಂತೂ ಗುರುತಿನ ದೊಡ್ಡವರೇ ಕೂತಿರುತ್ತಾರೆ. ನಮ್ಮ ಕಡೆ ಮರ್ಯಾದಸ್ಥರಿಗೆ ಇದಕ್ಕೊಂದು ದಾರಿ ಇದೆ. ಹುಣಸೂರಿನವರು ಪಿರಿಯಾಪಟ್ಟಣದಲ್ಲಿ ಕುಡಿಯುತ್ತಾರೆ, ಪಿರಿಯಾಪಟ್ಟಣದವರು ಕೆ.ಆರ್. ನಗರದಲ್ಲಿ. ಹೀಗಾಗಿ ಎಲ್ಲ ಊರಿನವರೂ ಸಭ್ಯರಾಗಿಯೇ ಉಳಿದಿದ್ದಾರೆ, ಕೆಂಪು ಬಸ್ಸಿಗೂ ಒಳ್ಳೆಯ ವ್ಯಾಪಾರ. ನೀಲಕಂಠಸ್ವಾಮಿಯವರು ಬೈಕಿನ ನಂಬರು ಯಾರಾದರೂ ಗುರುತಿಸಿಯಾರು ಎಂದು ಅದನ್ನು ಮನೆಯಲ್ಲೇ ಬಿಟ್ಟು, ಬಸ್ಸು ಇಳಿದಮೇಲೆ ವಿಭೂತಿ ಒರೆಸಿಕೊಂಡು ಪಿರಿಯಾಪಟ್ಟಣದ ಬಾರಿಗೆ ನುಗ್ಗಿದರು. ಗಲ್ಲಾದಲ್ಲಿ ಕೂತಿದ್ದವನು ದಡಬಡ ಎದ್ದು ಬಂದು ಕಾಲಿಗೆ ಬಿದ್ದ. ಅವರದೇ ಶಿಬಿರದಲ್ಲಿ ಕುಡಿತ ಬಿಟ್ಟವನು. "ನಿಮ್ಮಿಂದ್ಲೇ ಉದ್ಧಾರ ಆದೆ ಬುದ್ಧಿ. ಈಗ ಬರೀ ಮಾರ್ತೀನಿ ಅಷ್ಟೇಯ," ಎಂದ. ಅವನ ತಲೆಯ ಮೇಲೆ ಕೈಯಿಟ್ಟು ಹಾರೈಸಿ ಬರಿಗೈಯಲ್ಲಿ ಹೊರಬಿದ್ದರು.

ಕೆ.ಆರ್. ನಗರದಲ್ಲಿ ಗುರುತಿನವರು ಸಿಗಲಿಲ್ಲ, ಬಿಯರೂ ಸಿಗಲಿಲ್ಲ. ಅಲ್ಲಿದ್ದದ್ದೆಲ್ಲ ಸ್ಟ್ರಾಂಗು. ಅಮೆರಿಕದ್ದು ಬೇಕಾದರೆ ಹೆಗ್ಗಡದೇವನಕೋಟೆಗೆ ಹೋಗಿ, ಕಬಿನಿ ಕಡೆ ರೆಸಾರ್ಟಿಗೆ ಹೋಗುವವರಿಗೆಂದು ಇಟ್ಟಿರುತ್ತಾರೆ ಎಂದು ಅಂಗಡಿಯವನು ಹೇಳಿದ. ಸರಿ, ಕೋಟೆಗೂ ಹೋದರು. ಕತ್ತಲೆ ಬಾರಿನಲ್ಲಿ ಟಿನ್ನುಗಳನ್ನು ಚೀಲಕ್ಕೆ ತುಂಬಿಸಿಕೊಂಡು ಅಬ್ಬಾ ಎಂದು ತಿರುಗಿದರೆ, ಮೂಲೆಯ ಮೇಜಿನಲ್ಲಿ ಹುರಿದ ಕಡಲೆಬೀಜ ಮೆಲ್ಲುತ್ತ ಕೂತಿದ್ದವನು ಸಮಿತಿಯ ಖಜಾಂಚಿ ಶಿವಶಂಕರ್.

ಶಿವಶಂಕರ್ ತನ್ನ ಗ್ಲಾಸನ್ನು ಕಡಲೆಬೀಜದ ತಟ್ಟೆಯ ಹಿಂದಕ್ಕೆ ಸರಿಸಿದ.

"ಅಧ್ಯಕ್ಷರು ತಪಾಸಣೆಗೆ ಬಂದಂಗದೆ," ಎಂದ ಶಿವಶಂಕರ್.

"ಊಂ ಕಣಯ್ಯ, ತಪಾಸಣೆಗೇಯ. ನೀನು?"

"ನಾನೂ ಅದುಕ್ಕೇ ಕಣ್ರೀ. ವಾರವಾರ ಮಾಡ್ತೀನಿ."

ಸಮಿತಿಯ ಕೆಲಸ ಇಷ್ಟು ಶ್ರದ್ಧೆಯಿಂದ ನಡೆಯುತ್ತಿದೆ ಎಂದು ಅಧ್ಯಕ್ಷರಿಗೆ ಅಂದೇ ಗೊತ್ತಾದದ್ದು. ಇಬ್ಬರೂ ಕೈಮುಗಿದುಕೊಂಡು ಬೇರೆ ಬೇರೆ ಬಸ್ಸು ಹತ್ತಿದರು.

ಡೇಲ್ ಬರುವ ದಿನ ಟಿನ್ನುಗಳನ್ನು ಐಸಿನ ಜೊತೆ ಥರ್ಮೋಕೋಲ್ ಡಬ್ಬಿಯಲ್ಲಿಟ್ಟು, ಹಸುವಿನ ಇಂಜೆಕ್ಷನ್ನು, ಮುಚ್ಚಳ ತೆಗೆದರೆ ಕೆಟ್ಟುಹೋಗುತ್ತದೆ ಎಂದು ಹೆಂಡತಿಗೆ ಹೇಳಿದರು. ಮಧ್ಯಾಹ್ನ ಕಂಪನಿಯ ಕಾರಿನಿಂದ ಇಳಿದ ಡೇಲ್ ತುಂಬ ಮುದುಕನಾಗಿದ್ದ. ನೀಲಾಂಬಿಕೆ ಆರತಿ ಎತ್ತಿ, ಒಬ್ಬಟ್ಟು ಬಡಿಸಿದಳು. ಊಟವಾದಮೇಲೆ ನೀಲಕಂಠಸ್ವಾಮಿಯವರು ಅತಿಥಿಯನ್ನು ಬ್ಯಾರನ್ ಹಿಂದಕ್ಕೆ ಕರೆದುಕೊಂಡು ಹೋಗಿ, ಪೆಟ್ಟಿಗೆಯ ಮೇಲೆ ಕೂರಿಸಿ, ಎರಡೂ ಕೈಯಲ್ಲಿ ಟಿನ್ನು ಹಿಡಿದು ಕೊಟ್ಟರು. ಮಾತು ತಿಳಿಸಿಕೊಡಲು ಬಂದಿದ್ದ ಸುಕನ್ಯ, "ನಾನೇನೂ ನೋಡ್ಲಿಲ್ಲ ಸಾರ್," ಎಂದು ಅತ್ತ ತಿರುಗಿ ನಿಂತಳು.

"ಹೇಳಮ್ಮ ಅವ್ರಿಗೆ. ಅಲ್ಲಿ ಅವ್ರು ನನ್ಗೆ ಮಾಡಿದ ಮರ್ಯಾದೇನ ಮರ್ತಿಲ್ಲ ಅಂತ. ನಾನೂ ಬ್ಯಾರನ್ ಹಿಂದೇನೇ ಕೂರ್ಸಿದೀನಿ ಅಂತ."

ಸುಕನ್ಯ ಹೇಳಿದಳು. ಡೇಲ್ ಮೊದಲು ಕಣ್ಣು ಬಿಟ್ಟ, ಆಮೇಲೆ ಬಿದ್ದು ಬಿದ್ದು ನಕ್ಕ, ಆಮೇಲೆ ನಾಚಿಕೊಂಡು ಏನೇನೋ ಹೇಳಿದ.

"ಸಾರ್, ಅದು ಮರ್ಯಾದೆ ಅಲ್ವಂತೆ," ಎಂದಳು ಸುಕನ್ಯ ಮೆಲ್ಲಗೆ. "ಅವರು ಅವರ ಚರ್ಚಿನ ಕಮಿಟೀಲಿ ಇದ್ರಂತೆ. ಹೆಂಡತಿ ಭಾಳ ಕಟ್ಟುನಿಟ್ಟಂತೆ, ಮನೇಲಿ ಇದರ ಹೆಸರು ಎತ್ತೋ ಹಾಗಿರ್ಲಿಲ್ವಂತೆ. ಅದಕ್ಕೆ ಪಕ್ಕದ ಜಿಲ್ಲೆಗೆ ಹೋಗಿ ಕದ್ದು ತಂದು ಬ್ಯಾರನ್ ಹಿಂದೆ ಕೂತು ಕುಡೀತಿದ್ರಂತೆ. ಆ ಬಿಯರೂ ಅಷ್ಟೇ, ಅಂಗಡೀಲಿ ಇದ್ದದ್ದರಲ್ಲೆಲ್ಲ ಅಗ್ಗದ್ದಂತೆ. ಅತಿಥಿಗೆ ಅಂಥದ್ದು ಕೊಟ್ಟೆನಲ್ಲ ಅಂತ ಇವತ್ತಿಗೂ ಬೇಜಾರಂತೆ."

ಹದಿನೈದು ವರ್ಷ ಟೀ ಅಂಗಡಿಯಲ್ಲಿ ಕಟ್ಟಿದ ಅಮೆರಿಕ ಒಂದೇ ಉಸಿರಿಗೆ ಕುಸಿಯಿತು. ಆದರೂ ನೀಲಕಂಠಸ್ವಾಮಿಯವರಿಗೆ ಯಾಕೋ ಹಗುರವೆನಿಸಿತು. ಇವನೂ ನಮ್ಮ ಪೈಕಿಯೇ ಅಂದುಕೊಂಡರು. "ಅಗ್ಗದ್ದಾದ್ರೆ ಏನಂತೆ, ರುಚಿ ಇತ್ತಲ್ಲ! ಕುಡೀರಿ, ಕುಡೀರಿ," ಎಂದು ಒತ್ತಾಯ ಮಾಡಿದರು.

ಡೇಲ್ ಟಿನ್ನನ್ನು ತೆರೆಯದೆ ಕೈಯಲ್ಲೇ ತಿರುಗಿಸುತ್ತಿದ್ದ. ಈ ಸಲ ಅವನು ನಿಧಾನವಾಗಿ ಮಾತಾಡಿದ. ಸುಕನ್ಯಳ ದನಿಯೂ ಸಣ್ಣದಾಯಿತು.

"ಹೆಂಡತಿ ತೀರಿಕೊಂಡ್ರಂತೆ ಸಾರ್. ಈಗ ಯಾರ ಭಯಾನೂ ಇಲ್ಲ, ಫ್ರಿಜ್ಜಿನ ತುಂಬ ಇದನ್ನೇ ಇಟ್ಕೊಂಡು ಮನೆ ಹಾಲ್‌ನಲ್ಲೇ ಕೂತು ಕುಡಿದು ನೋಡಿದ್ರಂತೆ. ರುಚೀನೇ ಇರ್ಲಿಲ್ವಂತೆ. ಕದ್ದು ಕುಡಿಯೋಕೆ ಯಾರೂ ಇಲ್ಲದ ಮೇಲೆ ಅದು ಬರೀ ನೀರು ಅಂತಾರೆ. ಅವತ್ತಿಂದ ಮುಟ್ಟಿಲ್ವಂತೆ."

ನೀಲಕಂಠಸ್ವಾಮಿಯವರು ತಮ್ಮ ಕೈಯಲ್ಲಿದ್ದ ಇನ್ನೊಂದು ಟಿನ್ನನ್ನು ನೋಡಿದರು. ಬಾರ್ಲಿಯನ್ನು ಹೊಗಳಿದ್ದರು, ತಣುಪನ್ನು ಹೊಗಳಿದ್ದರು, ಅಮೆರಿಕದ ನೀರನ್ನು ಹೊಗಳಿದ್ದರು. ಹೊಗಳಬೇಕಾದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊಗಳಿದ್ದರು. ಅಡುಗೆಮನೆ ಕಡೆ ಪಾತ್ರೆ ಸದ್ದು ಕೇಳುತ್ತಿದೆಯೇ ಎಂದು ಕಿವಿಗೊಟ್ಟರು. ಕೇಳಲಿಲ್ಲ. ಆ ಮನೆಯಲ್ಲಿ ನೀಲಾಂಬಿಕೆ ಇಲ್ಲ ಎಂದು ಒಂದು ಗಳಿಗೆ ಊಹಿಸಿಕೊಂಡವರಿಗೆ ನಿಜಕ್ಕೂ ಹೆದರಿಕೆಯಾಯಿತು.

"ಏನ್ರೀ!" ಎಂದು ಬ್ಯಾರನ್ನಿನ ಗೋಡೆಯಾಚೆಯಿಂದ ಗದರುವ ದನಿ ಬಂತು. "ಬಂದೋರ್ನ ಹಿತ್ಲಲ್ಲಿ ಕೂರ್ಸಿಕೊಂಡು ಏನ್ ಮಾಡ್ತಾ ಇದ್ದೀರಿ ನೀವು?"

ನೀಲಕಂಠಸ್ವಾಮಿಯವರು ಚಂಗನೆ ಎದ್ದು ಟಿನ್ನನ್ನು ಪಂಚೆಯ ಮಡಿಲಿಗೆ ತುರುಕಿದರು. ಡೇಲ್‌ಗೆ ಕನ್ನಡ ಬಾರದು, ಆದರೆ ಈ ದನಿಗೆ ಅನುವಾದ ಬೇಕಿರಲಿಲ್ಲ. ಅಷ್ಟು ವಯಸ್ಸಾದ ಮನುಷ್ಯ ಎಳೆಯನ ಹಾಗೆ ಟಿನ್ನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಗೋಡೆಗೆ ಒತ್ತಿ ನಿಂತ.

"ಏನಿಲ್ಲ ಕಣೇ, ಸೊಪ್ಪಿನ ಹದ ತೋರುಸ್ತಾ ಇವ್ನಿ!"

"ಬೇಗ ಬನ್ನಿ, ಕಾಫಿ ಆರೋಯ್ತದೆ."

ಹೆಜ್ಜೆ ಸದ್ದು ದೂರವಾಯಿತು. ಡೇಲ್ ಟಿನ್ನು ತೆರೆದು, ಆ ಕಡೆ ಈ ಕಡೆ ನೋಡಿ, ಗಬಕ್ಕನೆ ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿ ಹಾಗೇ ನಿಂತ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ತುಟಿ ಮಾತ್ರ ನಗುತ್ತಿತ್ತು. ಕೊನೆಗೆ ಒಂದೇ ಮಾತು ಹೇಳಿದ.

"ಏನಂತಮ್ಮ?" ಎಂದು ನೀಲಕಂಠಸ್ವಾಮಿಯವರು ಪಿಸುಗುಟ್ಟಿದರು.

"ಅದೇ ರುಚಿಯಂತೆ ಸಾರ್," ಎಂದಳು ಸುಕನ್ಯ.