ನಳದ ಪಾಳಿ

ತೊಂಬತ್ತರ ಆಜುಬಾಜು, ಬೋರಗಾಂವದಲ್ಲಿ ನಾನು ದುಡಿಯುತ್ತಿದ್ದ ಮಗ್ಗದ ಶೆಡ್ಡಿಗೆ ಜರ್ಮನಿಯಿಂದ ಒಬ್ಬ ಕಾಲೇಜು ಹುಡುಗಿ ಕೆಲಸ ಕಲಿಯಲು ಬಂದಳು. ನಮ್ಮ ಮಗ್ಗುಲ ಖೋಲಿಯಲ್ಲೇ ಕೆಲವು ತಿಂಗಳು ಇದ್ದಳು. ಹಿಟ್ಟಿನ ಗಿರಣಿಯಲ್ಲಿ, ಕಿರಾಣಿ ಅಂಗಡಿಯಲ್ಲಿ ಜನ ಮುಂದೆ ಕರೆದರೆ ಕೈ ಅಡ್ಡ ಆಡಿಸಿ, "ನನ್ನ ಪಾಳಿ ಬರ್ಲಿ" ಅನ್ನುವಳು. ಆಕೆ ಮೊದಲು ಕಲಿತ ಕನ್ನಡವೇ ಅದು.

ಓಣಿಯ ನಳಕ್ಕೆ ನೀರು ಬರುವುದು ತಾಸು ಹೊತ್ತು. ಕೊಡ ಇಟ್ಟ ಸಾಲಿನಂತೆ ಪಾಳಿ. ಒಂದಿನ ಶೆಡ್ಡಿನ ಧಣಿ ಬಂದು, ನನ್ನ ಹೆಂಡತಿಯ ಕೊಡವನ್ನು ಕಾಲಿನಿಂದ ಸರಿಸಿ, ಹುಡುಗಿಯ ಕೊಡವನ್ನು ನಳದ ಕೆಳಗಿಟ್ಟ. ಕುಡಿಯುವ ನೀರಿನ ಕೊಡವನ್ನು, ಕಾಲಿನಿಂದ!

"ಯಾಕ್ರಿ ಧಣ್ಯಾರ, ಕೈ ಇಲ್ಲೇನ್ರಿ?" ಅಂದಳು ನನ್ನ ಹೆಂಡತಿ.

"ಸುಮ್ನಿರಬೇ, ಅವರು ಊರಿಗೆ ಬಂದ ಪಾವಣ್ಯಾರು, ಅತಿಥಿಗಳು."

ಹುಡುಗಿಯ ಮುಖ ಕೆಂಪಾಯಿತು. ತನ್ನ ಕೊಡ ತೆಗೆದು, ನನ್ನ ಹೆಂಡತಿಯದನ್ನು ತೊಳೆದು ನಳಕ್ಕೆ ಹಿಡಿದಳು. "ನಾ ಪಾವಣ್ಯಾರಲ್ರಿ. ನನ್ನ ಪಾಳಿ ಬರ್ಲಿ" ಅಂದು ಸಾಲಿನ ಕೊನೆಗೆ ಹೋದಳು. ಆಕೆಯ ಪಾಳಿ ಬರುವಷ್ಟರಲ್ಲಿ ನೀರು ನಿಂತಿತು.

"ತಪ್ಪಾತ್ರಿ ಬಾಯಾರ, ನಿಮಗ ತ್ರಾಸ ಆತು," ಅಂತ ಧಣಿ ಆಕೆಗೆ ಕೈ ಮುಗಿದ.

ಕೊಡ ಹೊರಲು ಬಂದಿದ್ದ ನನಗೆ ತಡೆಯಲಾಗಲಿಲ್ಲ. "ಕಾಲು ಹಚ್ಚಿದ್ದು ಈಕಿ ಕೊಡಕ್ಕರಿ. ಕೈ ಈ ಕಡೆ ಮುಗೀರಿ," ಅಂದೆ.

"ನಿನ್ನ ಹೆಂಡ್ತಿಗೇನಲೇ?" ಅಂತ ನಕ್ಕು ಹೊರಟ.

ಹುಡುಗಿ ನಗಲಿಲ್ಲ. ಖಾಲಿ ಕೊಡ ಬಗಲಲ್ಲಿಟ್ಟುಕೊಂಡು ಅವನ ದಾರಿಗೆ ಅಡ್ಡ ನಿಂತಳು.