ಮಗ್ಗದ ಮನೆಯಲ್ಲಿ ಒಸ್ಸೆಟಿಯಾದ ಜೋಗುಳ

ಚಳ್ಳಕೆರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸಂಗೀತದ ಮೇಷ್ಟ್ರಿಗೆ ಜೋಗುಳದ ಹುಚ್ಚು. ಕಾಕಸಸ್ ಬೆಟ್ಟಗಳ ಒಸ್ಸೆಟಿಯಾ ಎಂಬ ನಾಡಿನ ಹಳೆಯ ಜೋಗುಳಗಳನ್ನು ಮೊಬೈಲಿನಲ್ಲಿ ಹುಡುಕಿ, ಧಾಟಿ ಉಳಿಸಿಕೊಂಡು ಕನ್ನಡದ ಮಾತು ಕೂರಿಸುತ್ತಿದ್ದರು. ಅಲ್ಲಿಯ ಬೆಟ್ಟ, ಕುರಿ ಹಾಗೇ ಉಳಿದವು. ಹಿಮ ಮಾತ್ರ ನಮ್ಮ ಹೊಲದ ಹತ್ತಿಯಾಯಿತು. ಸಾಲು ಕೂರದಿದ್ದರೆ ತೊಡೆ ತಟ್ಟಿಕೊಂಡು, "ಇನ್ನೊಂದ್ಸಲ ನೋಡಾನ" ಎನ್ನುತ್ತಿದ್ದರು.

ಕೂಸು ಮಲಗಿದರೆ ಮಾತ್ರ ಅದು ಜೋಗುಳ ಎಂಬುದು ಅವರ ಹಟ. ಹಾಗಾಗಿ ಒಂದು ದಿನ ಅವರನ್ನು ಕೈಗೂಸಿದ್ದ ಮೊಳಕಾಲ್ಮೂರಿನ ನಮ್ಮಕ್ಕನ ಮನೆಗೆ ಕರೆದೊಯ್ದೆ. ರೇಷ್ಮೆ ಸೀರೆ ನೇಯುತ್ತಿದ್ದ ಭಾವ ಗೌರವದಿಂದ ಮಗ್ಗ ನಿಲ್ಲಿಸಿದರು. ಮೇಷ್ಟ್ರು ಹಾಡು ಎತ್ತಿಕೊಂಡದ್ದೇ ತಡ, ತೊಟ್ಟಿಲಲ್ಲಿ ತೂಕಡಿಸುತ್ತಿದ್ದ ಕೂಸು ಕಣ್ಣು ಬಿಟ್ಟು ಕಿರುಚಿತು. ಅವರ ಮುಖ ಸಪ್ಪಗಾಯಿತು.

ಅಕ್ಕ ನಕ್ಕಳು. "ನಿಮ್ ಹಾಡು ಚೆನ್ನಾಗೇ ಐತ್ರೀ ಮೇಷ್ಟ್ರೇ. ಮಗ್ಗದ ಸದ್ದು ನಿಂತ್ರೆ ಇದ್ಕೆ ನಿದ್ದೆನೇ ಬರಲ್ಲ."

"ಹಂಗಾದ್ರೆ ನೇಯಪ್ಪಾ ನೀನು!" ಎಂದ ಮೇಷ್ಟ್ರು, ಲಾಳಿಯ ಓಟಕ್ಕೆ ತೊಡೆ ತಟ್ಟುತ್ತ ಮೊದಲಿಂದ ಹಾಡಿದರು. ಕೂಸು ಮಲಗಿತು. ಖುಷಿ ತಡೆಯಲಾರದೆ ಭಾವ ಮಗ್ಗ ಬಿಟ್ಟು ಚಪ್ಪಾಳೆ ಹೊಡೆದರು.

ಕೂಸು ಮತ್ತೆ ಕಿರುಚಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರೇ. ಕಣ್ಣೊರೆಸಿಕೊಂಡು ತೊಡೆ ತಟ್ಟಿದರು: "ಇನ್ನೊಂದ್ಸಲ ನೋಡಾನ."