ಹಡಗಿನಲ್ಲಿ ಅವ್ವ ಕೊಂಡ ನೀರು

...ಆದರೆ ಆ ಲೋಟ ಗಾಜಿನದೇ ಎಂದು ನಾನು ಹೇಳಿದಾಗಲೆಲ್ಲ ಅಕ್ಕ ಅಲ್ಲವೆನ್ನುತ್ತಾಳೆ. ಅವಳ ಪ್ರಕಾರ ಅದು ಗಾಜಿನಂತೆ ಕಾಣುವ ದಪ್ಪ ಪ್ಲಾಸ್ಟಿಕ್. ಇರಬಹುದು. ನನ್ನ ನೆನಪಿನಲ್ಲಿ ಮಾತ್ರ ಐಸಿನ ತುಂಡು ಅಂಚಿಗೆ ತಾಗಿದ ಸದ್ದು ಇದೆ, ಪ್ಲಾಸ್ಟಿಕ್ ಆ ಸದ್ದು ಮಾಡುವುದಿಲ್ಲ. ಹಾಗೆಂದು ಅದನ್ನು ಸಾಕ್ಷಿಯಾಗಿ ಮುಂದಿಡಲಾರೆ. ಬೇಕಾದ ಸದ್ದನ್ನು ನೆನಪು ಆಮೇಲೆ ಸೇರಿಸಿಕೊಳ್ಳುತ್ತದೆ.

ಈ ಪ್ರಸಂಗವನ್ನು ಈಗಾಗಲೇ ಆರೇಳು ಜನರಿಗೆ ಹೇಳಿದ್ದೇನೆ. ಪ್ರತಿ ಸಲವೂ ಅದು ಹಿಂದಿನ ಸಲಕ್ಕಿಂತ ಚೊಕ್ಕವಾಗಿದೆ, ಅವ್ವ ಇನ್ನಷ್ಟು ದೊಡ್ಡವಳಾಗಿದ್ದಾಳೆ, ನಾನು ಇನ್ನಷ್ಟು ದಡ್ಡನಾಗಿದ್ದೇನೆ. ಅಷ್ಟು ಚೊಕ್ಕವಾದುದನ್ನು ನಾನು ನಂಬುವುದಿಲ್ಲ. ಕಾರ್ಖಾನೆಯಲ್ಲಿ ನನ್ನ ಕೆಲಸವೇ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡುವುದು. ಎಲ್ಲವೂ ಒಂದೇ ಅಳತೆಗೆ ಬರತೊಡಗಿದರೆ ಅಳೆಯುವ ಸಾಧನವನ್ನೇ ಮೊದಲು ಅನುಮಾನಿಸಬೇಕು. ಆದ್ದರಿಂದ ಇಲ್ಲಿ ಹೊಂದದಿರುವುದನ್ನು ಹೊಂದಿಸಲು ಹೋಗುವುದಿಲ್ಲ.

ಅವ್ವ, ಅಕ್ಕ, ನಾನು ಮೂವರೂ ಒಪ್ಪುವುದು ಇಷ್ಟು. ಅಕ್ಕ ಹೈಸ್ಕೂಲಿನ ಕೆಲಸದಿಂದ ನಿವೃತ್ತಳಾದ ವರ್ಷ ಅವ್ವನಿಗೆ ಸಮುದ್ರ ತೋರಿಸಬೇಕೆಂದು ಹಟ ಹಿಡಿದಳು. ದಡದಲ್ಲಿ ನಿಂತು ತೋರಿಸಿದರೆ ಸಾಲದು, ನಡುವೆ ಕರೆದುಕೊಂಡು ಹೋಗಬೇಕು. ಮುಂಬೈಯಿಂದ ಹೊರಡುವ ದೊಡ್ಡ ಹಡಗೊಂದರಲ್ಲಿ ಮೂರು ರಾತ್ರಿಗೆ ಟಿಕೆಟ್ ಮಾಡಿಸಿದೆವು. ಊಟ ಟಿಕೆಟ್ಟಿನಲ್ಲೇ ಸೇರಿತ್ತು. ಬಾಟಲಿ ನೀರು, ತಂಪು ಪಾನೀಯ ಸೇರಿರಲಿಲ್ಲ. ಬೇಕಾದವರು ರೂಮಿನ ಕಾರ್ಡ್ ಉಜ್ಜಿ ಕೊಳ್ಳಬೇಕು, ಇಳಿಯುವ ದಿನ ಹಣ ಕಟ್ಟಬೇಕು. ಮೈಸೂರಿನ ನಮ್ಮ ಶ್ರೀರಾಂಪುರದ ಅಂಗಡಿಯಲ್ಲಿ ಹನ್ನೆರಡು ಬಾಟಲಿಯ ಒಂದು ಕೇಸು ನೀರಿಗೆ ಕೊಡುವ ದುಡ್ಡು ಅಲ್ಲಿ ಎರಡು ಬಾಟಲಿಗೆ ಮುಗಿಯುತ್ತಿತ್ತು.

ನೀರಿಗೆ ದುಡ್ಡು ಕೊಡುವುದಿಲ್ಲ ಎಂಬುದು ನನ್ನ ನಿಯಮ. ಮೂವತ್ತು ವರ್ಷ ಹೆಬ್ಬಾಳದ ಕಾರ್ಖಾನೆಗೆ ಪಾಳಿ ಬಸ್ಸಿನಲ್ಲಿ ಹೋಗಿ ಬಂದಿದ್ದೇನೆ, ಒಂದು ದಿನವೂ ಬ್ಯಾಗಿನಲ್ಲಿ ಮನೆಯ ನೀರಿಲ್ಲದೆ ಹತ್ತಿದವನಲ್ಲ. ಹಡಗಿಗೂ ಹಾಗೆಯೇ ಹೊರಟೆ. ಜೀರಿಗೆ ಹಾಕಿ ಕಾಯಿಸಿ ಆರಿಸಿದ ನೀರನ್ನು ಆರು ಬಾಟಲಿ ತುಂಬಿ ಸೂಟ್‌ಕೇಸಿನ ತಳಕ್ಕೆ ಜೋಡಿಸಿದ್ದೆ. ಬಂದರಿನ ತಪಾಸಣೆಯಲ್ಲಿ ಆರನ್ನೂ ತೆಗೆದಿಟ್ಟರು. ಹೊರಗಿನ ಪಾನೀಯ ಒಳಗೆ ಬಿಡುವಂತಿಲ್ಲವಂತೆ. ನನಗೆ ಬರುವಷ್ಟು ಹಿಂದಿಯಲ್ಲಿ ಇದು ಪಾನೀಯವಲ್ಲ, ನೀರು ಎಂದೆ. ಕಾವಲಿನವನು ಮೂಲೆಯಲ್ಲಿದ್ದ ರಾಶಿಯ ಕಡೆ ಕೈ ತೋರಿಸಿದ. ಊರೂರಿನ ಮನೆಗಳ ನೀರು ಅಲ್ಲಿ ಬಿದ್ದಿತ್ತು.

ಅವ್ವನ ಕೈಚೀಲದಲ್ಲಿದ್ದ ಅರ್ಧ ಲೀಟರಿನ ಬಾಟಲಿ ಮಾತ್ರ ಪಾರಾಯಿತು. ಯಂತ್ರಕ್ಕೆ ಕಾಣಲಿಲ್ಲ ಎನ್ನುತ್ತೇನೆ ನಾನು. ಅವನಿಗೆ ಕಂಡಿತ್ತು, ವಯಸ್ಸಾದವರೆಂದು ಬಿಟ್ಟ ಎನ್ನುತ್ತಾಳೆ ಅಕ್ಕ. ಇಬ್ಬರ ಬಳಿಯೂ ಪುರಾವೆಯಿಲ್ಲ.

ಈಗ ಅವ್ವನ ಪದ್ಧತಿಯನ್ನು ಹೇಳಬೇಕು, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ನಾವು ದಲಿತರು. ಅವ್ವ ಹುಟ್ಟಿದ ಹಳ್ಳಿಯಲ್ಲಿ ಅವಳ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಮದುವೆಯಾಗಿ ಮೈಸೂರಿನ ಅಶೋಕಪುರಂಗೆ ಬಂದ ಮೇಲೆ, ಯಾವಾಗಿನಿಂದ ಎಂದು ನನಗೆ ತಿಳಿಯದು, ಅವಳು ಒಂದು ಪದ್ಧತಿ ಹಿಡಿದಳು. ಯಾರ ಮನೆಗೆ ಹೋದರೂ ಕೂರುವ ಮೊದಲು ಒಂದು ಲೋಟ ನೀರು ಕೇಳುತ್ತಾಳೆ. ಮನೆಯವರು ತಾವು ಕುಡಿಯುವ ಲೋಟದಲ್ಲಿ ಕೊಟ್ಟರೆ ಕುಡಿದು ಕೂರುತ್ತಾಳೆ. ಇಲ್ಲದಿದ್ದರೆ ನಿಂತೇ ಎರಡು ಮಾತಾಡಿ ಹೊರಡುತ್ತಾಳೆ. ಅಕ್ಕನಿಗೆ ಬಂದ ಎರಡು ಸಂಬಂಧಗಳು ಹೀಗೆ ಹೋದವು. ಶ್ರೀರಾಂಪುರದಲ್ಲಿ ಬಾಡಿಗೆ ಮನೆ ಹುಡುಕುವಾಗ ಒಳ್ಳೆಯ ಗಾಳಿ ಬೆಳಕಿದ್ದ ಮನೆಯೊಂದು ಕೈತಪ್ಪಿಹೋಯಿತು, ಮಾಲೀಕರ ಹೆಂಡತಿ ನೀರನ್ನು ಕಾಗದದ ಲೋಟದಲ್ಲಿ ತಂದಿದ್ದರಿಂದ. ಆಕೆಗೆ ಅಂಥ ಉದ್ದೇಶವೇ ಇರಲಿಲ್ಲವೇನೋ. ಪಾತ್ರೆ ತೊಳೆಯುವ ಬೇಸರವೇನೋ. ಅವ್ವ ಅದನ್ನು ವಿಚಾರಿಸಲು ನಿಲ್ಲಲಿಲ್ಲ.

ಹಡಗಿನ ಮೊದಲ ಊಟಕ್ಕೆ ಹೋದೆವು. ಉದ್ದನೆಯ ಹಾಲ್, ಕಿಟಕಿಗಳ ತುಂಬ ಸಮುದ್ರ. ಅವ್ವ ಸಮುದ್ರವನ್ನು ನೋಡಿದಳು, ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಳು.

"ನೀರ್ ತಕ್ಕೊಂಬಾ," ಎಂದಳು.

ಮೂಲೆಯಲ್ಲಿ ನೀರಿನ ಯಂತ್ರವಿತ್ತು, ಪುಕ್ಕಟೆ. ಪಕ್ಕದಲ್ಲಿ ಒಂದರೊಳಗೊಂದು ಸೇರಿಸಿಟ್ಟ ಕಾಗದದ ಲೋಟಗಳು. ಅವುಗಳನ್ನು ನೋಡಿದಾಗಲೇ ನನಗೆ ತಿಳಿಯಬೇಕಿತ್ತು. ಪುಕ್ಕಟೆ ನೀರು ಸಿಕ್ಕ ಖುಷಿಯಲ್ಲಿ ತುಂಬಿ ತಂದುಬಿಟ್ಟೆ.

ಅವ್ವ ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು.

"ಎಲ್ರಿಗೂ ಇದ್ರಲ್ಲೇ ಕಣವ್ವ," ಎಂದೆ. "ಅಲ್ನೋಡು, ಆ ಚಿನ್ನದ ಸರದ ಯಜಮಾನ್ರೂ ಕಾಗ್ದದ್ ಲೋಟ್ದಲ್ಲೇ ಕುಡೀತಾವ್ರೆ."

"ಅವ್ರು ಕುಡೀಲಿ ಬುಡು."

"ನಮ್ ಸ್ಟೀಲ್ ಲೋಟ ತಂದಿದ್ರಾಗಿತ್ತು," ಎಂದಳು ಅಕ್ಕ.

"ನಮ್ ಲೋಟ ಕೈಲಿಡ್ಕೊಂಡು ಇನ್ನೊಬ್ರ್ ಬಾಗ್ಲಿಗೋಗೋದ ಬಿಟ್ಟು ಐವತ್ ವರ್ಸಾಯ್ತು ಕಣಮ್ಮ. ಮೇಡಮ್ಮಾಗಿ ಪಾಠ ಮಾಡ್ದೋಳು ನೀನು."

ಅವ್ವ ಎರಡು ತುಂಡು ಕಲ್ಲಂಗಡಿಯನ್ನು ನಿಂತೇ ತಿಂದು ರೂಮಿಗೆ ಹೋದಳು. ಅಲ್ಲಿ ತನ್ನ ಅರ್ಧ ಲೀಟರಿನಿಂದ ಎರಡು ಗುಟುಕು ಕುಡಿದು ರಕ್ತದೊತ್ತಡದ ಮಾತ್ರೆ ನುಂಗಿದಳು. ಅವಳಿಗೆ ಹಿಂದೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು, ದಿನಕ್ಕೆ ಎರಡು ಲೀಟರ್ ನೀರು ತಪ್ಪಬಾರದೆಂದು ಡಾಕ್ಟರು ಹೇಳಿದ್ದರು. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಆ ಸಂಜೆಯೆಲ್ಲ ನಾನು ವಾದ ಮಾಡಿದೆ. ಹಡಗು ಮನೆಯಲ್ಲ, ಕಾಗದದ ಲೋಟಕ್ಕೆ ಜಾತಿಯಿಲ್ಲ, ಇತ್ಯಾದಿ. ನನ್ನ ವಾದ ಸರಿಯಾಗಿಯೇ ಇತ್ತು. ಇವತ್ತಿಗೂ ಅದರಲ್ಲಿ ತಪ್ಪು ಹುಡುಕಲಾರೆ. ಆದರೆ ಅದರಿಂದ ಅವ್ವನ ಹೊಟ್ಟೆಗೆ ಒಂದು ಹನಿಯೂ ಇಳಿಯಲಿಲ್ಲ.

ಮಾರನೆಯ ದಿನ ಮಧ್ಯಾಹ್ನಕ್ಕೆ ಅವ್ವನ ಬಾಟಲಿ ಬರಿದಾಯಿತು. (ಅಕ್ಕ ಬೆಳಿಗ್ಗೆಯೇ ಎನ್ನುತ್ತಾಳೆ. ನನ್ನ ನೆನಪು ನನ್ನ ಹಟಕ್ಕೆ ಸ್ವಲ್ಪ ರಿಯಾಯಿತಿ ಕೊಟ್ಟಿರಬಹುದು.) ಅವಳ ತುಟಿ ಒಡೆದಿತ್ತು. ಮಾತು ಕಡಿಮೆಯಾಗಿತ್ತು. ಆಗ ನನ್ನ ನಿಯಮ ಬಿಟ್ಟೆ. ಮೇಲಿನ ಅಂತಸ್ತಿನಲ್ಲಿ, ಈಜುಕೊಳದ ಪಕ್ಕ, ಪಾನೀಯ ಮಾರುವ ಕೌಂಟರ್ ಇತ್ತು. ಕಾರ್ಡ್ ಉಜ್ಜಿ ಒಂದು ಬಾಟಲಿ ಕೊಂಡು, ದೊಡ್ಡ ತ್ಯಾಗ ಮಾಡಿದವನಂತೆ ತಂದು, ಅಲ್ಲೇ ಅಕ್ಕ ಕೂತಿದ್ದ ಮೇಜಿನ ಬಳಿ ನಿಂತಿದ್ದ ಅವ್ವನ ಕೈಗಿಟ್ಟೆ.

ಅವ್ವ ಅದನ್ನು ತಿರುಗಿಸಿ ಮುಚ್ಚಳದ ಸೀಲನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು.

"ಇದ ನಿಮ್ಮಪ್ಪ ತರ್ತಿದ್ದ ಕಣೋ," ಎಂದಳು.

ಅಪ್ಪ ತರುತ್ತಿದ್ದದ್ದು ನೀರಲ್ಲ, ಕಲರ್. ತಂಪು ಪಾನೀಯಕ್ಕೆ ಆಗ ನಮ್ಮ ಕಡೆ ಕಲರ್ ಎನ್ನುತ್ತಿದ್ದರು. ಅಪ್ಪನ ಆಫೀಸಿನವರು ಯಾವಾಗಲೋ ಒಮ್ಮೆ ಅಶೋಕಪುರಂನ ಮನೆಗೆ ಬರುತ್ತಿದ್ದರು. ಅವರು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅಪ್ಪ ಹಿಂಬಾಗಿಲಿನಿಂದ ಅಂಗಡಿಗೆ ಓಡಿ ಮುಚ್ಚಳ ತೆಗೆಯದ ಕಲರ್ ಬಾಟಲಿಗಳನ್ನು ತರುತ್ತಿದ್ದ. ಅವರೆದುರೇ ಮುಚ್ಚಳ ಒಡೆದು, ಸ್ಟ್ರಾ ಹಾಕಿ ಕೊಡುತ್ತಿದ್ದ. ಅವರು ನಗುತ್ತಾ ಕುಡಿದು ಹೋಗುತ್ತಿದ್ದರು. ನಮ್ಮ ಮನೆಯ ನೀರು ಬೇಡವೆಂದು ಹೇಳುವ ಕಷ್ಟ ಅವರಿಗೆ ಬರಬಾರದೆಂದು ಅಪ್ಪ ಮಾಡಿಕೊಂಡಿದ್ದ ಏರ್ಪಾಡು ಅದು. ನಾನು ಅದನ್ನು ಬಹಳ ಕಾಲ ಅತಿಥಿ ಸತ್ಕಾರ ಎಂದುಕೊಂಡಿದ್ದೆ, ಬಾಟಲಿಯ ತಳದಲ್ಲಿ ಉಳಿದದ್ದನ್ನು ಕುಡಿಯಲು ಅಕ್ಕನ ಜೊತೆ ಜಗಳವಾಡುತ್ತಿದ್ದೆ. ಅವ್ವ ಒಳಗೆ ತುಂಬಿಟ್ಟ ತಂಬಿಗೆಯ ಪಕ್ಕ ನಿಂತಿರುತ್ತಿದ್ದಳು. ನಿಂತಿರುತ್ತಿದ್ದಳೇ? ಹಾಗೆಂದು ಚಿತ್ರವೊಂದು ನನ್ನಲ್ಲಿದೆ. ಅದನ್ನು ಆ ಮಧ್ಯಾಹ್ನವೇ ಬರೆದುಕೊಂಡೆನೋ ಏನೋ.

"ಮುಚ್ಚಿರೋದ ಯಾರ್ ಕೊಟ್ರೂ ಯಾರ್ ಬೇಕಾದ್ರೂ ಕುಡೀತಾರೆ," ಎಂದಳು ಅವ್ವ. "ಆ ಕಾರ್ಡ್ ಕೊಡಿಲ್ಲಿ."

ಕೊಟ್ಟೆ. ಅವಳು ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಕಾರ್ಡ್ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೌಂಟರಿನ ಕಡೆ ನಡೆದಳು. ನಾನು ಹಿಂದೆ ಹೋಗಲು ಎದ್ದೆ, ಅಕ್ಕ ಅಂಗಿ ಹಿಡಿದು ಕೂರಿಸಿದಳು.

ಕೌಂಟರಿನಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳಿದ್ದಳು. ಬೆಳಿಗ್ಗೆಯಿಂದ ಅದೇ ಜಾಗದಲ್ಲಿ ನಿಂತಿದ್ದವಳು. ಕೂದಲನ್ನು ಬಿಗಿದು ಕಟ್ಟಿದ್ದಳು, ಎದೆಯ ಮೇಲೆ ಹೆಸರಿನ ಪಟ್ಟಿ. ಅವಳಿಗೆ ಕನ್ನಡ ಬಾರದು, ಅವ್ವನಿಗೆ ಬೇರೆ ಯಾವುದೂ ಬಾರದು. ಅವ್ವ ಕಿತ್ತಳೆ ಬಣ್ಣದ ಪಾನೀಯದ ಕಡೆ ಕೈ ತೋರಿಸಿ ಮೂರು ಬೆರಳೆತ್ತಿದಳು. ಆ ಹೆಂಗಸು ಪಾನೀಯದ ಮೂರು ಡಬ್ಬಿಗಳನ್ನೂ ಐಸ್ ಹಾಕಿದ ಮೂರು ಖಾಲಿ ಲೋಟಗಳನ್ನೂ ಮುಂದಿಟ್ಟಳು. ಆಗ ನನಗೆ ಕಂಡಿತು, ದುಡ್ಡು ಕೊಟ್ಟು ಕೊಂಡವರಿಗೆ ಅಲ್ಲಿ ಕಾಗದದ ಲೋಟವಲ್ಲ. ಗಾಜೋ ಪ್ಲಾಸ್ಟಿಕ್ಕೋ, ತೊಳೆದು ಮತ್ತೆ ಬಳಸುವಂಥದ್ದು.

ಅವ್ವ ಪಾನೀಯಕ್ಕೆ ಕೈ ಹಾಕಲಿಲ್ಲ. ನಾನು ಕೊಂಡಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಸೀಲ್ ಒಡೆದಳು. ಒಂದು ಲೋಟಕ್ಕೆ, ಐಸಿನ ಮೇಲೆಯೇ, ಅಂಚಿನವರೆಗೆ ನೀರು ಹೊಯ್ದಳು. ಅದನ್ನು ಆ ಹೆಂಗಸಿನ ಕಡೆ ನೀಡಿದಳು.

"ತಕ್ಕೊಳವ್ವ, ಕುಡಿ. ಬೆಳಿಗ್ಗೆಯಿಂದ ನಿಂತಿದ್ದೀಯಲ್ಲ."

ಆಕೆ ನಕ್ಕು ಬೇಡವೆಂದು ಕೈಯಾಡಿಸಿದಳು. ಬಾಟಲಿ ತೋರಿಸಿ, ನಿಮ್ಮದು ಎಂಬಂತೆ ಅವ್ವನ ಕಡೆ ಕೈ ಮಾಡಿದಳು. ಅವ್ವ ಲೋಟ ಹಿಡಿದ ಕೈಯನ್ನು ಹಿಂದಕ್ಕೆ ತರಲಿಲ್ಲ. ಹಿಂದೆ ಇಬ್ಬರು ಸರದಿಯಲ್ಲಿ ಕಾಯುತ್ತಿದ್ದರು. ಅಕ್ಕ ನನ್ನ ಮೊಣಕೈ ಹಿಡಿದಿದ್ದಳು, ಉಗುರು ತಾಗುವಷ್ಟು. ಆಕೆ ತೆಗೆದುಕೊಳ್ಳದಿದ್ದರೆ ಉಳಿದೆರಡು ದಿನ ಅವ್ವ ಏನನ್ನೂ ಮುಟ್ಟುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಆ ಹೆಂಗಸು ಮೇಲಿದ್ದ ಕ್ಯಾಮೆರಾವನ್ನು ಒಮ್ಮೆ ನೋಡಿದಳು. ಆಮೇಲೆ ಎರಡೂ ಕೈಯಿಂದ ಲೋಟವನ್ನು ಅವ್ವನ ಕೈಯಿಂದಲೇ ತೆಗೆದುಕೊಂಡಳು. ನಮಗೆ ಬೆನ್ನು ಮಾಡಿ ಹಿಂದಿನ ಕಪಾಟಿನ ಕಡೆ ತಿರುಗಿ ಸ್ವಲ್ಪ ಬಗ್ಗಿದಳು. ತಿರುಗಿ ಬಂದಾಗ ಲೋಟದಲ್ಲಿ ಐಸ್ ಮಾತ್ರ ಇತ್ತು.

ಇಲ್ಲಿ ಅಕ್ಕ ಒಂದು ವಿಷಯ ಸೇರಿಸುತ್ತಾಳೆ: ಆಕೆ ತನ್ನ ಸ್ವಂತ ಬಾಟಲಿಯಿಂದ ಅವ್ವನಿಗೆ ನೀರು ಕೊಟ್ಟಳಂತೆ, ಅವ್ವ ಕುಡಿದಳಂತೆ. ಚೆನ್ನಾಗಿದೆ. ನಾನು ನೋಡಲಿಲ್ಲ. ಆದ್ದರಿಂದ ಅದನ್ನು ನಡೆದದ್ದು ಎಂದು ಬರೆಯಲಾರೆ.

ನಾನು ನೋಡಿದ್ದು: ಅವ್ವ ಕಾರ್ಡ್ ಉಜ್ಜಿಸಿಕೊಂಡು ಬಂದು, ನಮ್ಮ ಮೇಜಿನ ಎದುರು ಕುರ್ಚಿ ಎಳೆದು ಕೂತಳು. ಬಾಟಲಿಯಲ್ಲಿ ಉಳಿದ ನೀರನ್ನು ಒಂದೇ ಉಸಿರಿಗೆ ಕುಡಿದಳು. ಕಿತ್ತಳೆ ಪಾನೀಯವನ್ನು ರುಚಿ ನೋಡಿ, "ಬರೀ ಸಕ್ರೆ, ಇದ್ಕಾ ನೀವಿಬ್ರೂ ಕಿತ್ತಾಡ್ತಿದ್ರಿ," ಎಂದು ನನ್ನ ಕಡೆ ತಳ್ಳಿದಳು. ಆಮೇಲೆ ಕೆಳಗೆ ಹೋಗಿ ಅನ್ನ, ಸಾರು, ಮೊಸರು ಎಲ್ಲವನ್ನೂ ಕೂತು ಊಟ ಮಾಡಿದಳು. ಉಳಿದ ದಿನಗಳಲ್ಲಿ ಬಾಟಲಿ ನೀರನ್ನು ತಾನೇ ಕೊಂಡಳು, ಹೊಟ್ಟೆ ತುಂಬ ಕುಡಿದಳು. ಇಳಿಯುವ ದಿನ ನಾನು ಬಿಲ್ಲನ್ನು ಲೆಕ್ಕ ಹಾಕಿ ನೋಡದೆ ಹಣ ಕಟ್ಟಿದೆ.

ಶ್ರೀರಾಂಪುರಕ್ಕೆ ಬಂದು ವಾರವಾದ ಮೇಲೆ, ಅವ್ವ ಅವರೆಕಾಯಿ ಬಿಡಿಸುತ್ತಿದ್ದಾಗ ಕೇಳಿದೆ.

"ಅವ್ವ, ಆ ಕೌಂಟರ್‌ನವ್ರು ಆ ನೀರ್ ಕುಡುದ್ರಾ?"

"ನಂಗೇನ್ ಗೊತ್ತು. ತಿರೀಕ್ಕೊಂಡಿದ್ಲಲ್ಲ."

"ಮತ್ತೆ ನೀನ್ಯಾಕೆ ಬಂದು ಕೂತೆ?"

"ಹಸಿವಾಗಿತ್ತು ಕಣೋ."

ಅಡುಗೆಮನೆಯಿಂದ ಅಕ್ಕ, "ಸುಳ್ಳು," ಎಂದಳು. ಅವ್ವ ಇನ್ನೊಂದು ಅವರೆಕಾಯಿ ಬಿಡಿಸಿದಳು.

ಆ ಹೆಂಗಸಿನ ಹೆಸರಿನ ಪಟ್ಟಿಯನ್ನು ನಾನು ಓದಲಿಲ್ಲ. ಯಾವ ಊರಿನವಳೋ ತಿಳಿಯದು. ಪ್ರಯಾಣಿಕರೆದುರು ಏನೂ ಕುಡಿಯಬಾರದೆಂಬ ನಿಯಮದಿಂದಾಗಿ ನಮಗೆ ಬೆನ್ನು ಮಾಡಿದಳೋ, ವಯಸ್ಸಾದವರ ಮನಸ್ಸು ನೋಯಿಸಬಾರದೆಂದು ಲೋಟ ತೆಗೆದುಕೊಂಡಳೋ ಅದೂ ತಿಳಿಯದು. ಕಪಾಟಿನ ಕೆಳಗೆ ಸಿಂಕ್ ಇತ್ತು, ಅದನ್ನು ನಾನು ನೀರು ಕೊಳ್ಳಲು ಹೋದಾಗಲೇ ನೋಡಿದ್ದೆ. ಆ ನೀರನ್ನು ಆಕೆ ಕುಡಿದಳೋ ಚೆಲ್ಲಿದಳೋ, ನನಗೆ ಗೊತ್ತಿಲ್ಲ.